ಎಡಗಾಲಿಗೆ ಕೆಲಸ

ಈ ತಿಂಗಳ ಪುಟದಲ್ಲಿ ಮಕ್ಕಳ ಕೈಬರಹವನ್ನು ತಿದ್ದುವ ಬಗೆಯನ್ನು ಕುರಿತು ಬರೆಯಬೇಕೆಂದು ನಾವು ಸಂಕಲ್ಪಿಸಿದ್ದೆವು. ಅಷ್ಟರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಂದ ಓಲೆಯೊಂದು ಬಂದಿತು. ಸಿರುಮುಗೈಯ ನೇಕಾರರ ಮನೆಯಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ತಮಿಳನ್ನೂ ಕಲಿತು, ಈಗ ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ನೆಲೆಸಿರುವ ಹುಡುಗನವನು. ಹುಡುಗನೆಂಬುದು ನಮ್ಮ ಬಾಯಿಯ ಅಭ್ಯಾಸ. ಅವನಿಗೆ ನಲವತ್ತು ಸಮೀಪಿಸಿದೆ. ಅವನು ಅಲ್ಲಿ 1979ರ ಮಾದರಿಯ ಫೋರ್ಡ್ ಎಫ್-150 ಪಿಕಪ್ ಲಾರಿಯೊಂದನ್ನು ಅಗ್ಗಕ್ಕೆ ಕೊಂಡಿದ್ದಾನೆ. ಐದು ಲೀಟರಿನ, ಎಂಟು ಸಿಲಿಂಡರಿನ ಎಂಜಿನು ಗಟ್ಟಿಯಾಗಿದೆ. ಗೇರು ಮಾತ್ರ ತಾನಾಗಿ ಬದಲಾಗುವ ಜಾತಿಯದು. ಅದು ಈಚೆಗೆ ಜಾರತೊಡಗಿದೆ. ಅದನ್ನು ಕಿತ್ತು, ನಮ್ಮ ಊರಿನ ಲಾರಿಗಳಲ್ಲಿರುವಂತೆ ಕ್ಲಚ್ಚನ್ನೂ ಕೈಗೇರನ್ನೂ ಕೂರಿಸಬೇಕೆಂಬುದು ಅವನ ಆಸೆ. ಮೆಟ್ಟುಪಾಳ್ಯದ ಮೇಸ್ತ್ರಿಯವರನ್ನು ವಿಚಾರಿಸಿ ತಿಳಿಸಬೇಕೆಂದು ಕೇಳಿ, ಲಾರಿಯ ಅಡಿಭಾಗದ ಏಳು ಚಿತ್ರಗಳನ್ನೂ ಜೊತೆಗೆ ಕಳುಹಿಸಿದ್ದನು.

ಕಾರಣವನ್ನು ಅವನು ಕೊನೆಯ ಸಾಲಿನಲ್ಲಿ ಬರೆದಿದ್ದನು. ಅದನ್ನು ಹೇಳುವ ಮೊದಲು ಹಳೆಯ ಪ್ರಯಾಣವೊಂದನ್ನು ಹೇಳುವುದು ಅಗತ್ಯ.

1996ನೆಯ ಇಸವಿಯ ಮಾತು. ಈ ಹುಡುಗನ ತಂದೆಯವರು ಮಗ್ಗವನ್ನು ತಮ್ಮಂದಿರಿಗೆ ಬಿಟ್ಟುಕೊಟ್ಟು ಹಳೆಯ ಪಿಕಪ್ ಒಂದನ್ನು ಇಟ್ಟುಕೊಂಡಿದ್ದರು. ಹೋಗುವಾಗ ಸೀರೆಯ ಕಟ್ಟು, ಬಾಳೆಗೊನೆ, ಏನು ಸಿಕ್ಕಿದರೆ ಅದು. ಬರುವಾಗ ಕೊಳ್ಳೇಗಾಲದ ಕಡೆಯಿಂದ ರೇಷ್ಮೆ ನೂಲು. ಚಾಮರಾಜನಗರದಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ನಾವೂ ಆ ಪಿಕಪ್ಪಿನಲ್ಲಿಯೇ ಊರಿಗೆ ಹೊರಟೆವು. ನಮ್ಮಿಬ್ಬರ ನಡುವೆ ಈ ಹುಡುಗ. ಹಾಸನೂರು ದಾಟಿ ದಿಂಬಂ ತಲಪಿದಾಗ ಸಂಜೆಯಾಗಿತ್ತು. ಅಲ್ಲಿಂದ ಬಣ್ಣಾರಿಯವರೆಗೆ 27 ಹೇರ್‌ಪಿನ್ ತಿರುವುಗಳು. ಈಗ 948 ಎಂಬ ಅಂಕಿ ಹೊತ್ತಿರುವ ಆ ಹೆದ್ದಾರಿಗೆ ಅಂದು 209 ಎಂದು ಹೆಸರು. ಗಡಿಯ ಆಚೆ ಈಚೆ ನೆಂಟಸ್ತನವುಳ್ಳ ನಮ್ಮ ವಾಚಕರಲ್ಲಿ ಆ ದಾರಿಯನ್ನು ತುಳಿಯದವರು ವಿರಳ.

ಮುಂದೆ ಹೊರೆಲಾರಿಯೊಂದು ತೆವಳುತ್ತಿತ್ತು. ಹಿಂದೆ ಹಿಂದೆಯೇ ಬ್ರೇಕು ಒತ್ತಿ ಒತ್ತಿ ಇಳಿಯಬೇಕಾಯಿತು. ಹತ್ತು ಹನ್ನೆರಡು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಬಂದಿತು. ಬ್ರೇಕಿನ ಎರಕದ ಕಬ್ಬಿಣದ ಡೋಲು ಕಾದು ಹಿಗ್ಗಿದರೆ ಒಳಗಿನ ಪಟ್ಟಿಗಳಿಗೆ ದೂರವಾಗುತ್ತದೆ; ಪಟ್ಟಿಗಳ ಹಿಡಿತವೂ ಕಾವಿಗೆ ಕುಗ್ಗುತ್ತದೆ; ಬ್ರೇಕಿನ ಎಣ್ಣೆಯಲ್ಲಿ ನೀರಿನಂಶ ಸೇರಿದ್ದರೆ ಅದು ಕುದಿದು ಆವಿಯಾಗಿ, ಒತ್ತಿದ ಕಾಲು ಹತ್ತಿಯ ಮೇಲೆ ಒತ್ತಿದಂತೆ ಇಳಿದುಹೋಗುತ್ತದೆ. ಅಂದು ಆದದ್ದು ಅದೇ. ಪೆಡಲು ನೆಲ ಮುಟ್ಟಿತು. ಹುಡುಗನ ತಂದೆ ಬಾಯಿ ಬಿಡಲಿಲ್ಲ. ಕ್ಲಚ್ಚು ಒತ್ತಿ, ಗೇರನ್ನು ನಡುಸ್ಥಾನಕ್ಕೆ ತಂದು, ಎಂಜಿನನ್ನು ಒಮ್ಮೆ ಗರ್ಜಿಸುವಂತೆ ಮಾಡಿ, ಮತ್ತೆ ಕ್ಲಚ್ಚು ಒತ್ತಿ ಮೊದಲನೆಯ ಗೇರಿಗೆ ತಳ್ಳಿದರು. ಗೇರಿನ ಕಡ್ಡಿಯ ಮೇಲೆ ಆಟಕ್ಕೆಂದು ಕೈಯಿಟ್ಟಿದ್ದ ಮಗನ ಕೈ ಅವರ ಕೈಯಡಿಯಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸುವ ವ್ಯವಧಾನ ಅವರಿಗಿರಲಿಲ್ಲ. ಪಿಕಪ್ಪು ನರಳುತ್ತಾ ನಿಧಾನಿಸಿತು. ಉಳಿದ ತಿರುವುಗಳನ್ನೆಲ್ಲ ಅದೇ ಗೇರಿನಲ್ಲಿ, ಎಂಜಿನಿನ ಬಿಗಿಯ ಮೇಲೆಯೇ ಇಳಿದು, ಬಣ್ಣಾರಿ ಅಮ್ಮನ ಗುಡಿಯ ಮುಂದೆ ನಿಂತೆವು. ಚಕ್ರಗಳಿಂದ ಹೊಗೆ ಏಳುತ್ತಿತ್ತು. ಆ ಪುಣ್ಯಾತ್ಮರು ಅಲ್ಲಿ ಮಗನಿಗೆ ಹೇಳಿದುದು ಒಂದೇ ಮಾತು: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿಯಬೇಕು, ನಾನು ಇಂದು ಅದನ್ನು ಮರೆತೆ.

ಅವರು ಕಳೆದ ವರ್ಷ ತೀರಿಕೊಂಡರು. ಮಗನಿಗೆ ಬರಲಾಗಲಿಲ್ಲ. ಓಲೆಯ ಕೊನೆಯ ಸಾಲು ಹೀಗಿತ್ತು: "ಗೇರಿನ ಕಡ್ಡಿಯನ್ನು ಹಿಡಿಯಬೇಕೆನಿಸುತ್ತಿದೆ ಸಾರ್, ಇಲ್ಲಿ ಅದು ಯಾವ ಲಾರಿಯಲ್ಲಿಯೂ ಸಿಗುತ್ತಿಲ್ಲ."

ಆ ಮಾತು ಬಹುಪಾಲು ನಿಜ. ಫೋರ್ಡಿನವರು ಎಫ್-150ರಲ್ಲಿ ಕೈಗೇರನ್ನು 2008ರ ಮಾದರಿಗೆ ಮುಗಿಸಿದರು. ಭಾರದ ಕೆಲಸದ ರ್‍ಯಾಮ್ ಪಿಕಪ್ಪಿನಲ್ಲಿ ಅದು 2018ರ ಮಾದರಿಯವರೆಗೆ ಉಳಿದಿತ್ತು. ತಾನೇ ಬದಲಾಗುವ ಗೇರು ಅಲ್ಲಿ ಹೊಸದೂ ಅಲ್ಲ. ಎಣ್ಣೆಯ ಸುಳಿಯಿಂದ ಬಲವನ್ನು ದಾಟಿಸುವ ಉಪಾಯವನ್ನು ಜರ್ಮನಿಯ ಹೆರ್ಮಾನ್ ಫೋಟಿಂಗರ್ ಎಂಬ ಯಂತ್ರಜ್ಞನು 1905ರಲ್ಲಿ ಹಡಗುಗಳಿಗಾಗಿ ಕಂಡುಹಿಡಿದನು. 1939ರಲ್ಲಿ ಆಲ್ಡ್ಸ್‌ಮೊಬೀಲ್ ಕಾರಿನ ಹೈಡ್ರಾಮ್ಯಾಟಿಕ್ ಗೇರು ಬಂದು, ಕ್ಲಚ್ಚಿನ ಪೆಡಲಿಲ್ಲದ ಕಾರು ಸಾಮಾನ್ಯ ಜನರ ಮನೆಯಂಗಳಕ್ಕೆ ಇಳಿಯಿತು. ಫೋರ್ಡ್ ಪಿಕಪ್ಪಿಗೆ ಆ ಭಾಗ್ಯ 1953ರಲ್ಲಿ ದೊರೆಯಿತು.

ಉಪಾಧ್ಯಾಯರ ತರಬೇತಿಯಲ್ಲಿ ನಮಗೆ ಕಲಿಸಿದ ಸೂತ್ರವೊಂದುಂಟು: ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗು. ನಮ್ಮ ಓದುಗರಿಗೆ ತಿಳಿದುದು ಮಗ್ಗ. ಗುಂಡಿಮಗ್ಗದಲ್ಲಿ ಕುಳಿತವನು ಕಾಲಿನಿಂದ ತುಳಿಮಣೆಯನ್ನು ಒತ್ತಿ ಹಾಸಿನ ಎಳೆಗಳನ್ನು ಬೇರ್ಪಡಿಸದೆ ಕೈಯಿಂದ ಲಾಳಿಯನ್ನು ಓಡಿಸುವಂತಿಲ್ಲ. ಕಾಲು ಒಂದು ಗಳಿಗೆ ತಡವಾದರೆ ಎಳೆ ಕಡಿಯುತ್ತದೆ. ಕೈಗೇರಿನ ಲಾರಿಯಲ್ಲಿ ಎಡಗಾಲಿಗೂ ಎಡಗೈಗೂ ಇರುವ ಒಪ್ಪಂದವೂ ಇಂಥದೇ. ನೇಕಾರರ ಮಕ್ಕಳು ಕ್ಲಚ್ಚನ್ನು ಬೇಗ ಕಲಿಯುವುದನ್ನು ನಾವು ಗಮನಿಸಿದ್ದೇವೆ. ತಾನೇ ಬದಲಾಗುವ ಗೇರಿನಲ್ಲಾದರೋ ಎಂಜಿನಿಗೂ ಗೇರುಪೆಟ್ಟಿಗೆಗೂ ನಡುವೆ ಟಾರ್ಕ್ ಕನ್ವರ್ಟರು ಎಂಬ ಎಣ್ಣೆ ತುಂಬಿದ ಉಂಡೆಯಿರುತ್ತದೆ. ಎಂಟನೆಯ ತರಗತಿಗೆ ಇದನ್ನು ಎರಡು ಮೇಜುಪಂಖಗಳಿಂದ ತೋರಿಸಬಹುದು. ಎದುರುಬದುರಾಗಿಟ್ಟು ಒಂದನ್ನು ಮಾತ್ರ ಓಡಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ, ಅಷ್ಟೇ ವ್ಯತ್ಯಾಸ. ಎರಡರ ನಡುವೆ ಗಟ್ಟಿ ಹಿಡಿತವಿಲ್ಲದ ಕಾರಣ ಲಾರಿ ನಿಂತಿದ್ದರೂ ಎಂಜಿನು ನಿಲ್ಲುವುದಿಲ್ಲ, ಎಡಗಾಲಿಗೆ ಕೆಲಸವೂ ಇಲ್ಲ.

ಇಳಿಜಾರಿನ ವಿಷಯಕ್ಕೆ ಸ್ವಲ್ಪ ಲೆಕ್ಕ ಬೇಕು. ಆ ಕಾಲದ ಫೋರ್ಡಿನ ಮೂರು ವೇಗದ ಸ್ವಯಂಚಾಲಿತ ಗೇರಿನಲ್ಲಿ ಮೊದಲನೆಯದು 2.46ಕ್ಕೆ 1. ಹಿಂದಿನ ಅಚ್ಚಿನ ಪ್ರಮಾಣ 3.50 ಆಗಿದ್ದರೆ, ಚಕ್ರ ಒಮ್ಮೆ ತಿರುಗಲು ಎಂಜಿನು ಸುಮಾರು 8.6 ಸಲ ತಿರುಗಬೇಕು. ನಿಂತಲ್ಲಿಂದ ಹೊರಡುವಾಗ ಕನ್ವರ್ಟರು ಬಲವನ್ನು ಇಮ್ಮಡಿಯಷ್ಟು ಮಾಡಿಕೊಡುವುದರಿಂದ ಹತ್ತಲು ತೊಂದರೆಯಿಲ್ಲ. ಇಳಿಯುವಾಗ ಆ ಇಮ್ಮಡಿ ಇಲ್ಲ. ಅದೇ ಲಾರಿಗೆ ಬರುತ್ತಿದ್ದ ನಾಲ್ಕು ವೇಗದ ಕೈಗೇರಿನಲ್ಲಿ, ಎನ್‌ಪಿ 435 ಎಂಬುದು ಅದರ ಸಂಕೇತ, ಮೊದಲನೆಯ ಗೇರು 6.69ಕ್ಕೆ 1. ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನಿನ 23 ಸುತ್ತಿಗೂ ಮಿಕ್ಕು. ಎಂಜಿನು ಲಾರಿಯನ್ನು ಹಿಂದಕ್ಕೆ ಹಿಡಿಯುವ ಬಲ ಎಷ್ಟು ಹೆಚ್ಚೆಂಬುದನ್ನು ಮಕ್ಕಳೇ ಹೇಳಬಲ್ಲರು. ಸ್ವಯಂಚಾಲಿತ ಗೇರಿಗೆ ಅನ್ಯಾಯ ಮಾಡಬಾರದು; ಅದರಲ್ಲಿಯೂ ಕೆಳಗಿನ ಗೇರಿಗೆ ಕಟ್ಟಿಹಾಕುವ ಸ್ಥಾನ ಉಂಟು, ಘಟ್ಟದಲ್ಲಿ ಅದನ್ನು ಬಳಸದವನು ಅಪರಾಧಿಯೇ ಹೊರತು ಯಂತ್ರವಲ್ಲ. ಮೊಣಕಾಲು ನೋವುಳ್ಳವರಿಗೆ ಅದು ವರದಾನ. ನಮ್ಮ ಮೊಣಕಾಲೂ ಈಚೆಗೆ ಅದರ ಪಕ್ಷ ವಹಿಸತೊಡಗಿದೆ. ಇಷ್ಟು ಬರೆದ ಮೇಲೆ ಒಂದು ಮಾತನ್ನು ಮುಚ್ಚಿಡಲಾಗದು: ಹುಡುಗನಿರುವ ಊರು ಮೇಜಿನಂತೆ ಸಮತಟ್ಟಾದುದೆಂದು ಅವನೇ ತಿಳಿಸಿದ್ದಾನೆ. ಅಲ್ಲಿ ಇಳಿಯಲು ದಿಂಬಂ ಎಲ್ಲಿದೆ?

ಇರಲಿ. ಮೆಟ್ಟುಪಾಳ್ಯದ ಮೇಸ್ತ್ರಿಯವರ ಬಳಿಗೆ ಚಿತ್ರಗಳನ್ನು ಒಯ್ದೆವು. ಅವರು ಎಂಬತ್ತರ ದಶಕದಲ್ಲಿ ಪೆಟ್ರೋಲು ಜೀಪುಗಳಿಗೆ ಡೀಸೆಲ್ ಎಂಜಿನು ಕೂರಿಸುತ್ತಿದ್ದವರು. ಅಂಬಾಸಡರ್ ಕಾರಿನಲ್ಲಿ ಚುಕ್ಕಾಣಿಯ ಬುಡದಲ್ಲಿದ್ದ ಗೇರಿನ ಕಡ್ಡಿಯನ್ನು ನೆಲಕ್ಕಿಳಿಸಿದುದನ್ನು ನಾವೇ ಕಂಡಿದ್ದೇವೆ. ಸ್ವಯಂಚಾಲಿತ ಗೇರನ್ನು ಅವರು ಬಿಚ್ಚಿದವರಲ್ಲ. ಆದರೆ ಒಂದು ಪೆಟ್ಟಿಗೆಯನ್ನು ತೆಗೆದು ಇನ್ನೊಂದನ್ನು ಕೂರಿಸುವಲ್ಲಿ ಏನೇನು ಕೈಕೊಡುತ್ತದೆಂಬುದು ಅವರಿಗೆ ಬಾಯಿಪಾಠ. ಮೊದಲು ಅವರು ಹೇಳಿದುದು ನಮಗೆ ಅಚ್ಚರಿಯಾಯಿತು. ಇರುವುದನ್ನೇ ರಿಪೇರಿ ಮಾಡಿಸಲಿ, ಗೇರಿನ ಎಣ್ಣೆ ನೋಡಿದನೋ ಕೇಳಿ, ಎಂದರು. ಎಣ್ಣೆ ಕೆಂಪಗೆ ತಿಳಿಯಾಗಿದ್ದು ಮಟ್ಟ ಮಾತ್ರ ಇಳಿದಿದ್ದರೆ ಸೋರಿಕೆಯನ್ನು ನಿಲ್ಲಿಸಿ ತುಂಬಿದರೆ ಸಾಕಾಗುವುದುಂಟು. ಕಂದಾಗಿ ಸುಟ್ಟ ವಾಸನೆ ಬಂದರೆ ಒಳಗಿನ ತಟ್ಟೆಗಳು ತೀರಿದವೆಂದೇ ಅರ್ಥ. ನಾವು ಬರೆದು ಕೇಳಿದೆವು. ಕಂದು, ಸುಟ್ಟ ವಾಸನೆ, ಎಂದು ಉತ್ತರ ಬಂದಿತು. ಆಮೇಲೆಯೇ ಮೇಸ್ತ್ರಿಯವರು ಕನ್ನಡಕ ಹಾಕಿಕೊಂಡರು.

ಬಿಡಿ ಬಿಡಿಯಾಗಿ ಸಾಮಾನು ಹುಡುಕುವುದಕ್ಕೆ ಅವರ ಒಪ್ಪಿಗೆಯಿಲ್ಲ. ಅದೇ ಕಾಲದ, ಅದೇ ಎಂಜಿನಿನ, ಕೈಗೇರುಳ್ಳ ಹಾಳುಬಿದ್ದ ಲಾರಿಯೊಂದನ್ನು ಇಡಿಯಾಗಿ ಕೊಳ್ಳಬೇಕು. ಏಕೆಂದರೆ ಗೇರುಪೆಟ್ಟಿಗೆ ಸುಲಭವಾಗಿ ಸಿಗುತ್ತದೆ. ಸಿಗದಿರುವುದು ಅದರ ಸುತ್ತಣ ಸಣ್ಣ ಪುಟ್ಟ ವಸ್ತುಗಳು. ಸ್ವಯಂಚಾಲಿತ ಲಾರಿಯ ಎಂಜಿನಿನ ಹಿಂದೆ ಇರುವುದು ತೆಳ್ಳಗಿನ ತಟ್ಟೆ. ತೂಕದ ಕೆಲಸವನ್ನು ಕನ್ವರ್ಟರೇ ಮಾಡುತ್ತದೆ. ಕೈಗೇರಿಗೆ ಅಲ್ಲಿ ದಪ್ಪನಾದ ಫ್ಲೈವೀಲು ಬೇಕು, ಅದಕ್ಕೆ ಉದ್ದನೆಯ ಬೋಲ್ಟುಗಳು ಬೇಕು. ತೆಳುತಟ್ಟೆಯ ಬೋಲ್ಟುಗಳನ್ನೇ ಹಾಕಿದರೆ ಹಿಡಿತ ಸಾಲದೆ ಒಂದು ದಿನ ಚಕ್ರ ಕಿತ್ತುಕೊಳ್ಳುತ್ತದೆ. ಈ ಎಂಜಿನಿನಲ್ಲಿ ಇನ್ನೊಂದು ಬಲೆಯುಂಟು. ಇದರ ಸಮತೋಲದ ಒಂದು ಭಾಗವನ್ನು ಫ್ಲೈವೀಲಿನಲ್ಲಿಯೇ ಇರಿಸಿರುತ್ತಾರೆ: ಹಳೆಯ ಎಂಜಿನುಗಳಿಗೆ 28 ಔನ್ಸ್-ಇಂಚು, ಎಂಬತ್ತರ ದಶಕದ ಆರಂಭದಲ್ಲಿ ಮಾರ್ಪಟ್ಟ ಎಂಜಿನುಗಳಿಗೆ 50. ಹೊರಗೆ ನೋಡಲು ಎರಡೂ ಒಂದೇ. ಹೊಸದನ್ನು ಹಳೆಯದಕ್ಕೆ ತೊಡಿಸಿದರೆ ಬೋಲ್ಟು ಸರಿಯಾಗಿಯೇ ಕೂರುತ್ತದೆ, ಎಂಜಿನು ಮಾತ್ರ ಜ್ವರ ಬಂದವರಂತೆ ನಡುಗುತ್ತದೆ.

ಕ್ರ್ಯಾಂಕಿನ ತುದಿಯ ನಡುವೆ ಹೆಬ್ಬೆರಳು ಗಾತ್ರದ ಕುಳಿಯೊಂದಿರುತ್ತದೆ. ಗೇರುಪೆಟ್ಟಿಗೆಯ ಮುಂದಿನ ದಂಡದ ಮೂಗು ಅದರಲ್ಲಿ ಕೂರುವಂತೆ ಪೈಲಟ್ ಬೇರಿಂಗು ಎಂಬ ಚಿಕ್ಕ ಉಂಗುರವನ್ನು ಒತ್ತಿ ಸೇರಿಸಬೇಕು. ಸ್ವಯಂಚಾಲಿತ ಲಾರಿಗೆ ಅದು ಬೇಡವಾದ ಕಾರಣ ಅಲ್ಲಿ ಇರುವುದಿಲ್ಲ. ಕೆಲವು ಕಂಪನಿಗಳ ಎಂಜಿನುಗಳಲ್ಲಿ ಕುಳಿಯನ್ನೇ ಪೂರ್ತಿ ಕೊರೆದಿರುವುದಿಲ್ಲ. ಎಲ್ಲವನ್ನೂ ಜೋಡಿಸಿ ಮುಗಿಸಿದ ಮೇಲೆ ಈ ಉಂಗುರದ ನೆನಪಾದರೆ ಎಲ್ಲವನ್ನೂ ಬಿಚ್ಚಬೇಕು. ತಮ್ಮ ಜೀವಮಾನದಲ್ಲಿ ಎರಡು ಸಲ ಹಾಗೆ ಬಿಚ್ಚಿರುವುದಾಗಿ ಮೇಸ್ತ್ರಿಯವರು ಒಪ್ಪಿಕೊಂಡರು. ಗಂಟೆಯಾಕಾರದ ಕವಚ, ಅದಕ್ಕೂ ಎಂಜಿನಿಗೂ ನಡುವಣ ತಗಡು, ಸ್ಟಾರ್ಟರು, ಪೆಟ್ಟಿಗೆಯನ್ನು ಹೊರುವ ಅಡ್ಡತೊಲೆ, ಇವೂ ಹಳೆಯ ಲಾರಿಯಿಂದಲೇ ಬರಲಿ. ಪೆಡಲುಗಳೂ ಅಷ್ಟೇ: ಇರುವ ಅಗಲವಾದ ಬ್ರೇಕು ಪೆಡಲನ್ನು ತೆಗೆದು ಇಕ್ಕಟ್ಟಾದುದನ್ನೂ ಪಕ್ಕದಲ್ಲಿ ಕ್ಲಚ್ಚನ್ನೂ ಹಾಕಬೇಕು. ಆ ಕಾಲದ ಫೋರ್ಡಿನಲ್ಲಿ ಕ್ಲಚ್ಚನ್ನು ಎಳೆಯುವುದು ಎಣ್ಣೆಯಲ್ಲ, ಕಂಬಿಗಳ ಸರಣಿ. ಒಂದು ಕಂಬಿ ತಪ್ಪಿದರೂ ಪೆಡಲು ಬರಿಯ ಅಲಂಕಾರ.

ವಿದ್ಯುತ್ತಿನ ವಿಷಯದಲ್ಲಿ ಅವರ ಧ್ವನಿ ಗಡುಸಾಯಿತು. ಸ್ವಯಂಚಾಲಿತ ಲಾರಿಯು ಗೇರು ನಡುಸ್ಥಾನದಲ್ಲಿಯೋ ನಿಲುಗಡೆಯ ಸ್ಥಾನದಲ್ಲಿಯೋ ಇದ್ದಾಗ ಮಾತ್ರ ಸ್ಟಾರ್ಟ್ ಆಗುವಂತೆ ಒಂದು ಸ್ವಿಚ್ಚಿನ ಕಾವಲಿರುತ್ತದೆ. ಪೆಟ್ಟಿಗೆಯನ್ನು ತೆಗೆದಾಗ ಆ ಕಾವಲೂ ಹೋಗುತ್ತದೆ, ಎಂಜಿನು ತಿರುಗುವುದಿಲ್ಲ. ಆಗ ಅವಸರದವರು ಎರಡು ತಂತಿಗಳನ್ನು ಹೆಣೆದು ಮುಗಿಸುತ್ತಾರೆ. ಮುಂದೊಂದು ದಿನ ಗೇರಿನಲ್ಲಿ ನಿಲ್ಲಿಸಿದ ಲಾರಿಗೆ ಮಗುವೋ ಮಡದಿಯೋ ಬೀಗದ ಕೈ ತಿರುಗಿಸಿದರೆ ಅದು ಗೋಡೆಗೆ ನೆಗೆಯುತ್ತದೆ. ಆ ತಂತಿಗಳನ್ನು ಕ್ಲಚ್ಚಿನ ಪೆಡಲಿನ ಸ್ವಿಚ್ಚಿಗೆ ಸೇರಿಸಬೇಕು. ಹಿಮ್ಮುಖದ ದೀಪಕ್ಕೂ ಹೊಸ ಸ್ವಿಚ್ಚು ಬೇಕು. ಇನ್ನು ನಿಲುಗಡೆಯ ಕೊಂಡಿ ಹೋದ ಮೇಲೆ ಲಾರಿಯನ್ನು ನಿಂತಲ್ಲಿ ಹಿಡಿಯತಕ್ಕುದು ಪಾರ್ಕಿಂಗ್ ಬ್ರೇಕು. ಸ್ವಯಂಚಾಲಿತ ಲಾರಿಗಳ ಯಜಮಾನರು ಅದನ್ನು ಮುಟ್ಟುವುದೇ ಅಪರೂಪವಾದ್ದರಿಂದ ಅದರ ಹುರಿ ತುಕ್ಕು ಹಿಡಿದಿರುತ್ತದೆ. ಮೊದಲು ಅದನ್ನು ಬದಲಿಸಲಿ, ಗೇರು ಆಮೇಲೆ, ಎಂದರು.

ಇಷ್ಟನ್ನೂ ಬರೆದುಕೊಂಡು ಹೊರಟಾಗ ಅಂಗಡಿಯ ಬಾಗಿಲಲ್ಲಿ ನಿಂತಿದ್ದವನನ್ನು ಕಂಡು ನಮ್ಮ ಕಾಲು ತಡೆಯಿತು. ಅವನೂ ನಮ್ಮ ವಿದ್ಯಾರ್ಥಿಯೇ, ಟೆಕ್ಸಾಸಿನವನ ಸಹಪಾಠಿ. ಓದು ಒಗ್ಗದೆ ಬೇರೊಂದು ಊರಿನ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಹೋದವನು. ಅಲ್ಲಿ ಒಂದು ಮಧ್ಯಾಹ್ನ ಲಾರಿಯನ್ನು ಜ್ಯಾಕಿನ ಮೇಲೆ ಎತ್ತಿ, ಬೇರೆ ಆಸರೆಯಿಲ್ಲದೆ, ಅರವತ್ತು ಕಿಲೋಗ್ರಾಮಿನ ಗೇರುಪೆಟ್ಟಿಗೆಯನ್ನು ಎದೆಯ ಮೇಲೆ ಆನಿಸಿಕೊಂಡು ಇಳಿಸುತ್ತಿದ್ದನು. ಜ್ಯಾಕಿನ ಕೆಳಗಿದ್ದುದು ಮರಳು. ಎಡಗೈಯ ಎರಡು ಬೆರಳುಗಳು ಹೋದವು. ತಲೆ ಒಂದು ಗೇಣು ಆಚೆಗಿದ್ದುದರಿಂದ ಪ್ರಾಣ ಉಳಿಯಿತು. ಮನೆಗೆ ಮರಳಿ ಮಗ್ಗದಲ್ಲಿ ಕುಳಿತನು, ಆದರೆ ಕಡಿದ ಎಳೆಗೆ ಗಂಟು ಹಾಕಲು ಆ ಕೈಗೆ ಆಗುತ್ತಿರಲಿಲ್ಲ, ತಂಗಿಯನ್ನು ಕೂಗಬೇಕಾಗುತ್ತಿತ್ತು. ಈಗ ಮೇಸ್ತ್ರಿಯವರ ಬಳಿ ಲೆಕ್ಕ ಬರೆಯುತ್ತಾನೆ. ಟೆಕ್ಸಾಸಿನ ವಿಷಯ ಕೇಳಿ ಅವನು ಅಂದುದು ಇಷ್ಟೇ: "ಒಬ್ಬನೇ ಮಾಡುತ್ತಾನೆಯೇ ಸಾರ್?"

ಹೌದು, ಒಬ್ಬನೇ, ಮನೆಯ ಹಿತ್ತಲಲ್ಲಿ, ಭಾನುವಾರಗಳಲ್ಲಿ. ತಂದೆಯ ನೆನಪಿನಿಂದ ಮಾಡುವ ಕೆಲಸಕ್ಕೆ ಬೇಡವೆಂದು ಹೇಳುವ ಅಧಿಕಾರ ನಮಗಿಲ್ಲ. ಆದುದರಿಂದ ಆ ರಾತ್ರಿ ಬರೆದ ಉತ್ತರದಲ್ಲಿ ಮೇಸ್ತ್ರಿಯವರ ಪಟ್ಟಿಗಿಂತ ಮೊದಲು ಇದನ್ನು ಬರೆದೆವು: ಕಾಂಕ್ರೀಟು ನೆಲದ ಮೇಲೆ ಮಾತ್ರ, ಚಾಸಿಯ ಕೆಳಗೆ ನಾಲ್ಕು ಉಕ್ಕಿನ ಆಸರೆಗಳು, ಜ್ಯಾಕಿನ ಮೇಲೆ ನಂಬಿಕೆ ಬೇಡ, ಪೆಟ್ಟಿಗೆಯನ್ನು ಸರಪಳಿ ಬಿಗಿದು ಗೇರುಪೆಟ್ಟಿಗೆಯ ಜ್ಯಾಕಿನಲ್ಲಿ ಇಳಿಸಬೇಕು, ಇನ್ನೊಬ್ಬ ಮನುಷ್ಯ ಜೊತೆಯಲ್ಲಿರಬೇಕು. ಸಹಪಾಠಿಯ ಹೆಸರನ್ನೂ ಅವನ ಎರಡು ಬೆರಳುಗಳ ಕತೆಯನ್ನೂ ಬರೆದೆವು. ಟೆಕ್ಸಾಸಿನವನಿಗೆ ಅದು ತಿಳಿದಿರಲಿಲ್ಲ.

ಇಲ್ಲಿನ ವಾಚಕರಿಗೆ ಪ್ರತ್ಯೇಕವಾಗಿ ಒಂದು ಮಾತು. ಇದನ್ನೋದಿ ಯಾರೂ ತಮ್ಮ ಪಿಕಪ್ಪಿನ ಹೊಟ್ಟೆ ಬಗೆಯಲು ಹೊರಡಬೇಡಿರಿ. ನಮ್ಮ ದೇಶದ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಬಿಗಿಯಾಗಿಯೇ ಅರ್ಥೈಸಿತು. ಸಾರಿಗೆ ಕಚೇರಿಯನ್ನು ಕೇಳದೆ ಕೈ ಹಾಕಿದರೆ ಅಪಘಾತದ ದಿನ ವಿಮೆಯವರು ಆ ಕಡತವನ್ನೇ ಮುಂದಿಡುವರು. ಮೇಲಾಗಿ ನಮ್ಮ ಕಡೆಯ ಹಳೆಯ ಪಿಕಪ್ಪುಗಳೆಲ್ಲ ಕೈಗೇರಿನವೇ.

ಹದಿನೆಂಟು ದಿನಗಳ ಬಳಿಕ ಉತ್ತರ ಬಂದಿತು, ಚಿತ್ರಗಳ ಸಮೇತ. ಹಾಳುಬಿದ್ದ ಲಾರಿಯೊಂದು ನೂರು ಮೈಲಿ ಆಚೆ ಸಿಕ್ಕಿತಂತೆ. ಒಂದು ಚಿತ್ರದಲ್ಲಿ ನಾಲ್ಕು ಆಸರೆಗಳ ಮೇಲೆ ನಿಂತ ಲಾರಿ. ಪಕ್ಕದಲ್ಲಿ ಟೋಪಿ ತೊಟ್ಟ ನೆರೆಮನೆಯ ಮುದುಕನೊಬ್ಬ, ಸಹಾಯಕ್ಕೆ ಬಂದವನು. ಇನ್ನೊಂದರಲ್ಲಿ ಸರಪಳಿಯಿಂದ ಬಿಗಿದ ಪೆಟ್ಟಿಗೆ. ಮೂರನೆಯದರಲ್ಲಿ ಹೊಸ ಬ್ರೇಕು ಹುರಿ. ಕೊನೆಯದರಲ್ಲಿ ಚಾಲಕನ ಪಕ್ಕದ ನೆಲದಲ್ಲಿ ಕತ್ತರಿಸಿದ ರಂಧ್ರ. ಅದರೊಳಗಿಂದ ಹಿತ್ತಲಿನ ಕಾಂಕ್ರೀಟು ಕಾಣುತ್ತಿತ್ತು, ಕಡ್ಡಿ ಇನ್ನೂ ಬಂದಿರಲಿಲ್ಲ. ಸಹಪಾಠಿಗೆ ಬೇರೆಯಾಗಿ ಒಂದು ಓಲೆಯಿತ್ತು. ಅದನ್ನು ನಾವು ಓದದೆ ತಲಪಿಸಿದೆವು.

ಮೇಸ್ತ್ರಿಯವರು ಚಿತ್ರಗಳನ್ನು ಎರಡೆರಡು ಸಲ ನೋಡಿ, ಎಲ್ಲ ಸರಿ, ಪ್ರೊಪೆಲ್ಲರ್ ಶಾಫ್ಟಿನ ಅಳತೆ ಎಲ್ಲಿ, ಎಂದು ಕೇಳಿದರು. ಪೆಟ್ಟಿಗೆಯ ಉದ್ದ ಬದಲಾದರೆ ಹಿಂದಕ್ಕೆ ಹೋಗುವ ದಂಡದ ಉದ್ದವೂ ಬದಲಾಗುತ್ತದೆ. ಆ ಅಳತೆಯನ್ನು ಲಾರಿ ಆಸರೆಯ ಮೇಲಿರುವಾಗ ಅಲ್ಲ, ತನ್ನ ಚಕ್ರಗಳ ಮೇಲೆ ಭಾರ ಬಿಟ್ಟು ನಿಂತಿರುವಾಗ ತೆಗೆಯಬೇಕು. ನಿನ್ನೆಯೇ ಹಾಗೆಂದು ಬರೆದು ಕೇಳಿದ್ದೇವೆ. ಈ ಪುಟ ಅಚ್ಚಿಗೆ ಹೋಗುವವರೆಗೆ ಉತ್ತರ ಬಂದಿಲ್ಲ. ಕೈಬರಹದ ವಿಷಯವನ್ನು ಮುಂದಿನ ತಿಂಗಳು ನೋಡೋಣ.